ಸ್ವರ್ಣಭಸ್ಮ ತಗೊಂಡಿದ್ದರೆ ಸಿಟಿ ಸ್ಕ್ಯಾನ್‌ಗೆ ಕಾಂಟ್ರಾಸ್ಟ್ ಬೇಡವೇ?

ಪ್ರಶ್ನೆ: ಅಮ್ಮನಿಗೆ ಕಾಂಟ್ರಾಸ್ಟ್ ಸಿಟಿ (ಒಳಭಾಗ ಎದ್ದು ಕಾಣಲೆಂದು ಅಯೋಡಿನ್ ದ್ರವ ಚುಚ್ಚಿ ತೆಗೆಯುವ ಸ್ಕ್ಯಾನ್) ಬರೆದಿದ್ದಾರೆ. ಮೂರು ತಿಂಗಳಿಂದ ಸ್ವರ್ಣಭಸ್ಮ (ಚಿನ್ನದಿಂದ ಮಾಡಿದ ಆಯುರ್ವೇದದ ಪುಡಿ) ತಗೋತಿದ್ದಾರೆ. ಅದರಲ್ಲಿರುವ ಚಿನ್ನದ ಅತಿ ಸಣ್ಣ ನ್ಯಾನೋ ಕಣ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುತ್ತಂತಲ್ಲ, ಅಯೋಡಿನ್ ಇಂಜೆಕ್ಷನ್ ಬೇಡ ಅನ್ನಬಹುದೇ?

ಉತ್ತರ: ಅನ್ನಬೇಡಿ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ.

ಅರ್ಧ ನಿಜ ಇದೆ. ಅಯೋಡಿನ್‌ನ ಪರಮಾಣು ಸಂಖ್ಯೆ 53, ಚಿನ್ನದ್ದು 79. ಸಿಟಿಯಲ್ಲಿ ಎಕ್ಸ್-ರೇಯನ್ನು ಹೆಚ್ಚು ತಡೆಯುವುದು ಹೆಚ್ಚು ಬೆಳ್ಳಗೆ ಕಾಣುತ್ತದೆ. 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಕ್ಸ್-ರೇಯನ್ನು ಒಂದು ಗ್ರಾಂ ಚಿನ್ನವು ಒಂದು ಗ್ರಾಂ ಅಯೋಡಿನ್‌ಗಿಂತ ಸುಮಾರು 2.7 ಪಟ್ಟು ಹೆಚ್ಚು ತಡೆಯುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 1.9 ನ್ಯಾನೋಮೀಟರ್ ಚಿನ್ನದ ಕಣಗಳನ್ನು ಇಲಿಗಳ ರಕ್ತನಾಳಕ್ಕೆ ಕೊಟ್ಟು ಒಳ್ಳೆಯ ಚಿತ್ರ ತೆಗೆದರು. ಆದರೆ ಕೊಟ್ಟಿದ್ದು ಇಲಿಯ ಪ್ರತಿ ಕೆಜಿ ತೂಕಕ್ಕೆ 2.7 ಗ್ರಾಂ!

ಈಗ ಅಮ್ಮನ ಲೆಕ್ಕ. ಮಿಲಿಗೆ 350 ಮಿಲಿಗ್ರಾಂ ಅಯೋಡಿನ್ ಇರುವ ದ್ರವ 80 ಮಿಲಿ ಕೊಟ್ಟರೆ 28 ಗ್ರಾಂ ಅಯೋಡಿನ್ ಆಯಿತು. ಅಷ್ಟೇ ಬಿಳುಪು ಬರಬೇಕಾದರೆ 10 ಗ್ರಾಂ ಚಿನ್ನ ಬೇಕು, ಅದೂ ಅರ್ಧ ನಿಮಿಷದೊಳಗೆ ರಕ್ತಕ್ಕೆ ಸೇರಬೇಕು. ಭಸ್ಮದ ಪ್ರಮಾಣ ಸಾಮಾನ್ಯವಾಗಿ 15ರಿಂದ 30 ಮಿಲಿಗ್ರಾಂ. ಅಂದರೆ ಮುನ್ನೂರಕ್ಕೂ ಹೆಚ್ಚು ದಿನದ ಭಸ್ಮ ಒಂದೇ ಉಸಿರಿಗೆ! ಮೇಲಾಗಿ ಅದು ಹೋಗುವುದು ಹೊಟ್ಟೆಗೆ. ಜಠರದ ಆಮ್ಲಕ್ಕೆ ಚಿನ್ನ ಕರಗುವುದಿಲ್ಲ, ಬಹುಪಾಲು ಮಲದಲ್ಲೇ ಹೊರಹೋಗುತ್ತದೆ.

ಕಣ ಸಣ್ಣದಾದರೆ ಸಾಲದು, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿರಬೇಕು. ಭಸ್ಮದಲ್ಲಿ ಅವು ಗಂಟುಕಟ್ಟಿರುತ್ತವೆ. ಪ್ರಯೋಗಾಲಯದಲ್ಲಿ ಸಿಟ್ರೇಟ್ ಎಂಬ ಲವಣ ಹಾಕಿ ಮಾಡಿದ ಚಿನ್ನದ ಕಣಗಳ ಕೆಂಪು ದ್ರಾವಣಕ್ಕೂ ರಕ್ತದಷ್ಟು ಉಪ್ಪು ಬಿದ್ದರೆ ಕಣಗಳು ಗಂಟಾಗಿ ಬಣ್ಣ ನೀಲಿಗೆ ತಿರುಗುತ್ತದೆ. ಅದಕ್ಕೇ ಪಾಲಿಥಿಲೀನ್ ಗ್ಲೈಕಾಲ್‌ನಂಥ ಹೊದಿಕೆ ಹಾಕುವುದು. ಹೊದಿಕೆ ಸೇರಿ ಸುಮಾರು 5.5 ನ್ಯಾನೋಮೀಟರ್‌ಗಿಂತ ಚಿಕ್ಕದಿದ್ದರೆ ಮೂತ್ರದಲ್ಲಿ ಹೋಗುತ್ತದೆ. ದೊಡ್ಡದಾದರೆ ಯಕೃತ್ತು, ಗುಲ್ಮದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಜಯನಗರವಿರಲಿ ಯಲಹಂಕವಿರಲಿ, ಸ್ಕ್ಯಾನ್ ಸೆಂಟರ್‌ನಲ್ಲಿ ಇನ್ನೂ ಅಯೋಡಿನ್ನೇ ಕೊಡುವುದಕ್ಕೆ ಇದೊಂದು ದೊಡ್ಡ ಕಾರಣ. ಮೂತ್ರಪಿಂಡ ಸರಿಯಿದ್ದರೆ ಅಯೋಡಿನ್ ಬಹುಪಾಲು 24 ಗಂಟೆಯಲ್ಲಿ ಹೊರಗೆ.

ಹೋಗುವಾಗ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಒಯ್ಯಿರಿ. ಭಸ್ಮ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದರೆ ಅದನ್ನೂ ಮೊದಲೇ ತಿಳಿಸಿ.

ಹಾಗಾದರೆ ಚಿನ್ನದ ನ್ಯಾನೋ ಕಣ ನಿಜಕ್ಕೂ ಎಲ್ಲಿ ದುಡಿಯುತ್ತಿದೆ? ಮೆಡಿಕಲ್ ಶಾಪ್‌ನಲ್ಲಿ ಸಿಗುವ ಗರ್ಭ ಪರೀಕ್ಷೆಯ ಕಾರ್ಡ್ ನೋಡಿ. ಹಲವು ಕಾರ್ಡ್‌ಗಳಲ್ಲಿ ಮೂಡುವ ಕೆಂಪು ಗೆರೆ ಈ ಕಣಗಳದ್ದೇ. ಬೆಳಕನ್ನು ಒಂದೊಂದು ಕಣವೂ ಸಾಮಾನ್ಯ ಬಣ್ಣದ ಅಣುವಿಗಿಂತ ಸಾವಿರಾರು ಪಟ್ಟು ಹೆಚ್ಚು ಹೀರುತ್ತದೆ, ಹಾಗಾಗಿ ಅಲ್ಲಿ ಗ್ರಾಂಗಟ್ಟಲೆ ಚಿನ್ನ ಬೇಕಿಲ್ಲ, ಕಣ್ಣಿಗೆ ಕಾಣದಷ್ಟು ಸಾಕು.