ಪಕ್ಕದ ಮನೆಯವರು ಸುಮ್ಮನಿದ್ದರೆ ಒಪ್ಪಿದರು ಅಂತಲ್ಲ

ಇಂಗ್ಲೆಂಡಿನಲ್ಲಿ ಮನೆ ಕೊಂಡ ನಮ್ಮವರಿಗೆ ಎರಡು ಮೂರು ವರ್ಷದಲ್ಲಿ ಜಾಗ ಸಾಲದಾಗುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ಮಲಗಲು ರೂಮು ಬೇಕು, ಅಡುಗೆಮನೆಯೂ ಇಕ್ಕಟ್ಟು. ಹಿತ್ತಲ ಕಡೆಗೆ ಹತ್ತಡಿ ಕಟ್ಟಿಸೋಣ ಅಂತ ಬಿಲ್ಡರನ್ನು ಕರೆಯುತ್ತಾರೆ. ಸರ್ವೇಯರ್ ಆದ ನನ್ನನ್ನು ಕರೆಯುವುದು ಆಮೇಲೆ, ಪಕ್ಕದ ಮನೆಯವರು ಸಿಟ್ಟಾದ ಮೇಲೆ.

ಹೋದ ವರ್ಷ ಪಶ್ಚಿಮ ಲಂಡನ್ನಿನ ಒಂದು ಮನೆಗೆ ಹೋಗಿದ್ದೆ. 1930ರ ದಶಕದ ಸೆಮಿ, ಅಂದರೆ ಎರಡು ಮನೆಗೆ ನಡುವೆ ಒಂದೇ ಗೋಡೆ. ಬೇಲಿಗೆ ಅಂಟಿಕೊಂಡೇ ಪಾಯದ ಗುಂಡಿ ತೆಗೆದಾಗಿತ್ತು. "ಪ್ಲಾನಿಂಗ್ ಪರ್ಮಿಷನ್ ಬೇಡವಂತೆ ಸರ್, ಬಿಲ್ಡರ್ ಹೇಳಿದ" ಎಂದರು ಮನೆಯವರು.

ಅದು ನಿಜವೇ. ಮನೆಯ ಹಿಂದಕ್ಕೆ ಒಂದೇ ಅಂತಸ್ತು ಕಟ್ಟುವುದಾದರೆ ಸೆಮಿ ಮತ್ತು ಸಾಲು ಮನೆಗಳಿಗೆ 3 ಮೀಟರ್, ಒಂಟಿ ಮನೆಗೆ 4 ಮೀಟರ್‌ವರೆಗೆ ಸಾಮಾನ್ಯವಾಗಿ ಅರ್ಜಿ ಬೇಕಿಲ್ಲ. ಎತ್ತರ 4 ಮೀಟರ್ ದಾಟಬಾರದು. ಗಡಿಯಿಂದ 2 ಮೀಟರ್ ಒಳಗಿದ್ದರೆ ಸೂರು, ಅಂದರೆ ಮಾಡಿನ ಕೆಳ ಅಂಚು, 3 ಮೀಟರ್ ಮೀರಬಾರದು. ಅಳತೆ ಹಿಡಿಯುವುದು ಮೂಲ ಮನೆಯ ಗೋಡೆಯಿಂದ. ಹಳೇ ಮನೆಗಳಿಗೆ 1948ರ ಜುಲೈ 1ರಂದು ಹೇಗಿತ್ತೋ ಅದೇ ಮೂಲ ಮನೆ. ಹಿಂದಿನ ಮಾಲೀಕರು ಆಗಲೇ 2 ಮೀಟರ್ ಸೇರಿಸಿದ್ದರೆ ನಿಮಗೆ ಉಳಿಯುವುದು ಒಂದೇ ಮೀಟರ್. ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡದ ಗಟ್ಟಿತನ, ಸುರಕ್ಷತೆಯ ನಿಯಮಗಳ ಒಪ್ಪಿಗೆ ಬೇರೆಯೇ ಬೇಕು.

ಆದರೆ ಪಕ್ಕದವರಿಗೂ ಒಂದು ಕಾನೂನಿದೆ. 1996ರ ಪಾರ್ಟಿ ವಾಲ್ ಕಾಯಿದೆ. ಪಾರ್ಟಿ ವಾಲ್ ಅಂದರೆ ಇಬ್ಬರಿಗೂ ಸೇರಿದ ಕಾಮನ್ ಗೋಡೆ. ಗಡಿಗೆರೆಯಲ್ಲಿ ಹೊಸ ಗೋಡೆ ಎಬ್ಬಿಸಲು ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಅವರ ಕಟ್ಟಡದಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೂ ಒಂದು ತಿಂಗಳು. ಕಾಮನ್ ಗೋಡೆಗೆ ತೊಲೆ ಕೂರಿಸುವುದಿದ್ದರೆ ಎರಡು ತಿಂಗಳು.

ಗುಂಡಿಯ ಅಂಚಿನಲ್ಲಿ ಕೂತು ಟೇಪ್ ಇಳಿಬಿಟ್ಟೆ. ಎರಡು ಮನೆ ಕೂಡುವ ಮೂಲೆಯಲ್ಲಿ ಹಳೇ ಪಾಯದ ಇಟ್ಟಿಗೆ ಕಾಣುತ್ತಿತ್ತು. ನೆಲದಿಂದ ಒಂದೂವರೆ ಅಡಿಗೇ ಮುಗಿದಿತ್ತು. ಹೊಸ ಗುಂಡಿ ಮೂರೂವರೆ ಅಡಿ. ಲಂಡನ್ನಿನ ಜೇಡಿಮಣ್ಣು ಬೇಸಿಗೆಗೆ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಅದಕ್ಕೇ ಈಗ ಕನಿಷ್ಠ ಒಂದು ಮೀಟರ್ ಆಳಕ್ಕೆ ಹೋಗುವುದು ರೂಢಿ. ಹಳೇ ಮನೆಯ ಪಕ್ಕ ಹೊಸ ಪಾಯ ತೆಗೆದರೆ ಅವರ ಪಾಯಕ್ಕಿಂತ ಕೆಳಗಿಳಿದೇ ಇಳಿಯುತ್ತೀರಿ. ಒಂದು ಜೋರು ಮಳೆಗೆ ಆ ಇಟ್ಟಿಗೆಯ ಅಡಿಯ ಮಣ್ಣು ಜಾರಿದರೆ ಕೂರುವುದು ಅವರ ಗೋಡೆ.

ಮೌನಂ ಸಮ್ಮತಿ ಲಕ್ಷಣಂ ಅಂತೀವಲ್ವಾ, ಇಲ್ಲಿ ಅದು ನಡೆಯುವುದಿಲ್ಲ. ಅಗೆಯುವ ನೋಟಿಸಿಗೂ ಕಾಮನ್ ಗೋಡೆಯ ನೋಟಿಸಿಗೂ 14 ದಿನದಲ್ಲಿ ಉತ್ತರ ಬರದಿದ್ದರೆ ತಕರಾರು ಇದೆ ಅಂತಲೇ ಲೆಕ್ಕ. ಆಗ ಅದನ್ನು ತೀರಿಸಲು ಇಬ್ಬರೂ ಸರ್ವೇಯರ್ ನೇಮಿಸಬೇಕು. ಇಬ್ಬರಿಗೂ ಸೇರಿ ಒಬ್ಬರಾದರೂ ಆಗುತ್ತದೆ. ಖರ್ಚು ಸಾಮಾನ್ಯವಾಗಿ ಕಟ್ಟಿಸುವವರದ್ದೇ. ನಿಮ್ಮ ಜಾಗದೊಳಗೇ ಗಡಿಗೆ ಗೋಡೆ ಕಟ್ಟುವ ನೋಟಿಸಿಗೆ ಮಾತ್ರ ಹೀಗಿಲ್ಲ. ತಿಂಗಳು ಕಳೆದರೆ ಶುರು ಮಾಡಬಹುದು.

ಈ ಕಾಯಿದೆ ನಿಮಗೂ ಸಹಾಯಕ್ಕೆ ಬರುತ್ತದೆ. ಕೆಲಸಕ್ಕೆ ಅಗತ್ಯವಿದ್ದರೆ, 14 ದಿನ ಮುಂಚೆ ತಿಳಿಸಿ, ಅವರ ಹಿತ್ತಲಿಗೆ ಹೋಗಿ ಕಟ್ಟುವ ಹಕ್ಕು ಸಿಗುತ್ತದೆ. ನೋಟಿಸೇ ಕೊಡದಿದ್ದರೆ ಆ ಹಕ್ಕಿಲ್ಲ. ಅವರು ಕೋರ್ಟಿಗೆ ಹೋಗಿ ಕೆಲಸ ನಿಲ್ಲಿಸಬಹುದು.

ನಕ್ಷೆಯಲ್ಲಿ ನಾನು ಮೊದಲು ನೋಡುವುದು ಮಳೆನೀರಿನ ದೋಣಿ. ಗೋಡೆಯನ್ನು ಸರಿಯಾಗಿ ಗಡಿಗೆ ತಂದು, ದೋಣಿಯನ್ನು ನಾಲ್ಕು ಇಂಚು ಆಚೆ ಬಿಟ್ಟಿರುತ್ತಾರೆ. ಆ ನಾಲ್ಕು ಇಂಚು ಬೇರೆಯವರ ಜಾಗ. ಗೋಡೆಯನ್ನು ಒಳಗೆ ಎಳೆಯಿರಿ, ಇಲ್ಲವೇ ಅಂಚಿನಲ್ಲಿ ಪ್ಯಾರಪೆಟ್ ಗೋಡೆ ಎತ್ತಿ ದೋಣಿಯನ್ನು ಒಳಗೇ ಇಡಿ.

ಆ ಮನೆಯಲ್ಲಿ ಅವತ್ತೇ ಗುಂಡಿ ಮುಚ್ಚಿಸಿದೆ. ಸಂಜೆ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಪಕ್ಕದ ಬಾಗಿಲು ತಟ್ಟಿದೆ. ಎಂಬತ್ತರ ಆಸುಪಾಸಿನ ಅಜ್ಜಿ. "ಮೊದಲೇ ಹೇಳಬಹುದಿತ್ತಲ್ಲ" ಎಂದಷ್ಟೇ ಅಂದರು. ಮಾರನೇ ವಾರ ನೋಟಿಸ್ ಹೋಯಿತು. ಕೆಲಸಕ್ಕೆ ಮುಂಚೆ ಅವರ ಮನೆಯ ಒಂದೊಂದು ಗೋಡೆಯ ಫೋಟೋ ತೆಗೆದೆವು. ಕಿಟಕಿಯ ಮೇಲೆ ಒಂದು ಹಳೇ ಬಿರುಕಿತ್ತು. ಅದಕ್ಕೆ ಸ್ಕೇಲ್ ಹಿಡಿದು ತಾರೀಕು ಬರೆದುಕೊಂಡಾಗ, ಪಕ್ಕದಲ್ಲಿ ನಿಂತು ಅಜ್ಜಿಯೂ ಒಮ್ಮೆ ಕನ್ನಡಕ ಹಾಕಿಕೊಂಡು ಅಳತೆ ಓದಿ ನೋಡಿದರು.