ಬಣ್ಣವನ್ನು ಟೇಬಲ್‌ನಲ್ಲಿಡಿ: ಭೂವಿಜ್ಞಾನದ ನಕ್ಷೆಗೆ ಪ್ಯಾಲೆಟ್ ಕಟ್ಟುವ ಕೆಲಸ

ಕೆಲವು ವರ್ಷಗಳ ಹಿಂದೆ ಅಕ್ಕಪಕ್ಕದ ಎರಡು ನಕ್ಷೆ ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ನೋಡುತ್ತಿದ್ದೆವು. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಹಾಳೆಗಳು ಕೂಡುವ ಗೆರೆಯ ಮೇಲೆ ಬೆರಳಿಟ್ಟು, "ಸರ್, ಇಲ್ಲಿ ಸ್ತರಭಂಗ ಇದೆಯಾ?" ಅಂತ ಕೇಳಿದಳು. ಇರಲಿಲ್ಲ. ಕಲ್ಲು ಬಿರುಕು ಬಿಟ್ಟು ಜರುಗಿದ ಗುರುತೇನೂ ಅಲ್ಲಿರಲಿಲ್ಲ, ಎರಡೂ ಕಡೆ ಇದ್ದದ್ದು ಒಂದೇ ಸುಣ್ಣಕಲ್ಲು. ಎಡಗಡೆಯ ಹಾಳೆಯಲ್ಲಿ ಅದು ನೀಲಿ, ಬಲಗಡೆಯದರಲ್ಲಿ ಕಂದು. ಎರಡನ್ನೂ ಮಾಡಿದವನು ನಾನೇ, ಮೂರು ತಿಂಗಳ ಅಂತರದಲ್ಲಿ.

ಆಗಿದ್ದಿಷ್ಟೇ. ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಲೇಯರ್ ತೆರೆದು, ಬಣ್ಣ ಕೊಡುವ ಸಿಂಬಾಲಜಿಗೆ ಹೋಗಿ, 'ಕ್ಯಾಟಗರೈಸ್ಡ್' ಆರಿಸಿ, 'ಕ್ಲಾಸಿಫೈ' ಒತ್ತಿದ್ದೆ. ಸಾಫ್ಟ್‌ವೇರ್ ತನಗೆ ತೋಚಿದ ಬಣ್ಣಗಳನ್ನು ಸುಮ್ನೆ ಹಂಚಿಬಿಟ್ಟಿತ್ತು. ಕಣ್ಣಿಗೆ ಚುಚ್ಚುತ್ತಿದ್ದ ನಾಲ್ಕೈದನ್ನು ಬದಲಾಯಿಸಿ ಉಳಿದದ್ದನ್ನು ಹಾಗೇ ಬಿಟ್ಟಿದ್ದೆ. ಮೂರು ತಿಂಗಳ ನಂತರ ಮತ್ತೆ ಅದೇ ಕಥೆ, ಬೇರೆ ಬಣ್ಣಗಳು.

ಭೂವಿಜ್ಞಾನದ ನಕ್ಷೆಯಲ್ಲಿ ಬಣ್ಣ ಅಂದರೆ ಮಾಹಿತಿ. ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಸ್ಮಿತ್ 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ನಕ್ಷೆ ತಂದಾಗ ಬಣ್ಣವನ್ನು ಕೈಯಲ್ಲೇ ಬಳಿಸಿದ್ದ. ಪ್ರತಿ ಸ್ತರದ ಬುಡದಲ್ಲಿ ಬಣ್ಣ ಗಾಢ, ಮೇಲಕ್ಕೆ ಹೋದಂತೆ ತೆಳು. ಯಾವುದು ಯಾವುದರ ಮೇಲೆ ಕೂತಿದೆ ಅಂತ ನೋಡಿದರೇ ಗೊತ್ತಾಗಲಿ ಅನ್ನುವುದು ಲೆಕ್ಕಾಚಾರ. ದೇಶಕ್ಕೊಂದು ಬಣ್ಣಪದ್ಧತಿ ಬೆಳೆದು ಗೊಂದಲವಾದಾಗ, 1881ರಲ್ಲಿ ಬೊಲೋನ್ಯಾದಲ್ಲಿ ಸೇರಿದ ಅಂತರರಾಷ್ಟ್ರೀಯ ಭೂವಿಜ್ಞಾನ ಕಾಂಗ್ರೆಸ್ ಬಣ್ಣಗಳನ್ನು ಏಕರೂಪಗೊಳಿಸುವ ವಿಷಯವನ್ನೇ ಕೈಗೆತ್ತಿಕೊಂಡಿತು. ಇವತ್ತು ವಿಶ್ವ ಭೂವೈಜ್ಞಾನಿಕ ನಕ್ಷೆ ಆಯೋಗದ ಬಣ್ಣಗಳು ಅಂಕಿಗಳಲ್ಲೇ ಸಿಗುತ್ತವೆ. 0ಯಿಂದ 255ರ ಅಳತೆಯಲ್ಲಿ, ಜುರಾಸಿಕ್ ಅನ್ನುವ ಭೂವೈಜ್ಞಾನಿಕ ಕಾಲಮಾನ ಅಂದರೆ ಕೆಂಪು 52, ಹಸಿರು 178, ನೀಲಿ 201. ಅದರೊಳಗೆ ಕೆಳ ಜುರಾಸಿಕ್ 66, 174, 208. ನಡು 128, 207, 216. ಮೇಲಿನದು 179, 227, 238. ಹಳೆಯದು ಗಾಢ, ಹೊಸದು ತೆಳು. ಸ್ಮಿತ್‌ನ ಯೋಚನೆಯ ನೆರಳು ಇಲ್ಲೂ ಕಾಣುತ್ತದೆ ಅಲ್ವಾ?

ಇನ್ನು ನಮ್ಮ ಪ್ಯಾಲೆಟ್. ನನ್ನ ಒಂದೇ ಹಟ: ಬಣ್ಣ ಶಿಲಾ ಘಟಕದ ಕೋಡ್‌ಗೆ ಅಂಟಿಕೊಂಡಿರಬೇಕು. ಹಾಗಾಗಿ ಮೊದಲು ಸಾಫ್ಟ್‌ವೇರ್ ತೆರೆಯುವುದಿಲ್ಲ, ಒಂದು ಟೇಬಲ್ ಮಾಡುತ್ತೇನೆ. ಒಂದು ಕಾಲಂನಲ್ಲಿ ಘಟಕದ ಕೋಡ್, ಪಕ್ಕದಲ್ಲಿ ಹೆಸರು, ಅದರ ಪಕ್ಕ ಕಾಲಮಾನ, ಕೊನೆಗೆ '52,178,201' ಅಂತ ಬಣ್ಣ. ಯಾರಾದರೂ ಬಣ್ಣ ಬದಲಿಸಬೇಕೆಂದರೆ ಈ ಟೇಬಲ್‌ನಲ್ಲೇ ಬದಲಿಸಬೇಕು, ಬೇರೆಲ್ಲೂ ಅಲ್ಲ.

ಈ ಟೇಬಲ್‌ನಿಂದ ಬಣ್ಣವನ್ನು ನಕ್ಷೆಗೆ ತರಲು ಸುಲಭದ ದಾರಿ ಅಂದರೆ ಟೇಬಲ್ ಅನ್ನು ಲೇಯರ್‌ಗೆ ಜಾಯಿನ್ ಮಾಡಿ, ಫಿಲ್ ಬಣ್ಣದ ಪಕ್ಕದ ಚಿಕ್ಕ ಬಟನ್ ಒತ್ತಿ, ಬಣ್ಣದ ಕಾಲಂ ಅನ್ನು ತೋರಿಸುವುದು. ಕ್ಷಣದಲ್ಲಿ ನಕ್ಷೆ ಸರಿಯಾಗುತ್ತದೆ. ಖುಷಿಯಲ್ಲಿ ಲೆಜೆಂಡ್, ಅಂದರೆ ಯಾವ ಬಣ್ಣ ಏನು ಅಂತ ಹೇಳುವ ಪಟ್ಟಿ, ಹಾಕಲು ಹೋದರೆ ಒಂದೇ ಒಂದು ಚೌಕ! ಸಾಫ್ಟ್‌ವೇರ್‌ನ ಲೆಕ್ಕದಲ್ಲಿ ಅಲ್ಲಿರುವುದು ಒಂದೇ ಸಿಂಬಲ್, ಬಣ್ಣ ಮಾತ್ರ ಪಾಲಿಗನ್‌ಗೊಂದು, ಅಂದರೆ ನಕ್ಷೆಯ ಗಡಿ ಹಾಕಿದ ಪ್ರತಿ ತುಂಡಿಗೊಂದು. ಇದಕ್ಕೆ ನಾನು ಅರ್ಧ ದಿನ ಕಳೆದುಕೊಂಡಿದ್ದೇನೆ. ಕೆಲಸ ನಡೆಯುತ್ತಿರುವಾಗ ನೋಡಿಕೊಳ್ಳಲು ಈ ದಾರಿ ಸಾಕು, ಮುದ್ರಣಕ್ಕೆ ಸಾಲದು.

ಮುದ್ರಣಕ್ಕೆ ಬೇಕಾದದ್ದು ಬೇರೆ. ಸ್ಟೈಲ್ ಮ್ಯಾನೇಜರ್‌ನಲ್ಲಿ ಪ್ರತಿ ಘಟಕಕ್ಕೂ ಒಂದು ಸಿಂಬಲ್ ಮಾಡಿ, ಅದಕ್ಕೆ ಘಟಕದ ಕೋಡನ್ನೇ ಹೆಸರಾಗಿಡಿ. ಆಮೇಲೆ ಲೇಯರ್ ಅನ್ನು ಕ್ಲಾಸಿಫೈ ಮಾಡಿ, 'ಅಡ್ವಾನ್ಸ್ಡ್' ಮೆನುವಿನಲ್ಲಿ 'ಮ್ಯಾಚ್ ಟು ಸೇವ್ಡ್ ಸಿಂಬಲ್ಸ್' ಒತ್ತಿ. ಹೆಸರು ಹೊಂದಿದ ಕಡೆಯೆಲ್ಲ ನಿಮ್ಮ ಬಣ್ಣ ಬಂದು ಕೂರುತ್ತದೆ, ಲೆಜೆಂಡ್ ಕೂಡ ಪೂರ್ತಿ ಬರುತ್ತದೆ. ಪಟ್ಟಿಯ ಕೊನೆಯಲ್ಲಿ 'ಉಳಿದ ಎಲ್ಲ ಮೌಲ್ಯಗಳು' ಅನ್ನುವ ಸಾಲೊಂದು ಇರುತ್ತದೆ. ತುಂಬಾ ಜನ ಅದನ್ನು ಅಳಿಸಿಬಿಡುತ್ತಾರೆ. ನಾನು ಅದಕ್ಕೆ ಕಣ್ಣು ಕುಕ್ಕುವ ಗುಲಾಬಿ ಬಳಿದಿಡುತ್ತೇನೆ. ಕೋಡ್ ತಪ್ಪಾಗಿ ಟೈಪ್ ಆದ ಪಾಲಿಗನ್ ಇದ್ದರೆ ದೂರದಿಂದಲೇ ಕೂಗಿ ಹೇಳುತ್ತದೆ. ಅಳಿಸಿದ್ದರೆ ಅಲ್ಲಿ ಬಿಳಿ ತೂತು ಉಳಿಯುತ್ತಿತ್ತು, ಅದು ಕೆರೆಯೋ ತಪ್ಪೋ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ಆಯೋಗದ ಬಣ್ಣಗಳನ್ನು ಹಾಗೇ ತಂದಿಟ್ಟರೆ ಮುಗಿಯಿತಾ? ಇಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಬಣ್ಣವನ್ನು ಬೂದಿಗೆ ಇಳಿಸುವ ಸಾಮಾನ್ಯ ಸೂತ್ರದಲ್ಲಿ ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲನ್ನು ಕೂಡಿಸುತ್ತಾರೆ. ಜುರಾಸಿಕ್‌ಗೆ 143 ಬರುತ್ತದೆ. ಬೇರೆ ಕಾಲಮಾನಗಳಲ್ಲಿ ಕಾರ್ಬೊನಿಫೆರಸ್ (103, 165, 153) 145. ಡೆವೋನಿಯನ್ (203, 140, 55) 149. ಕ್ಯಾಂಬ್ರಿಯನ್ (127, 160, 86) 142. ಪರದೆಯ ಮೇಲೆ ನೀಲಿ, ಮಾಸಲು ಹಸಿರು, ಕಂದು, ಎಲೆಹಸಿರು. ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ನಾಲ್ಕೂ ಒಂದೇ ಬೂದಿ! ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿಗೂ ಡೆವೋನಿಯನ್‌ನ ಕಂದು, ಕ್ಯಾಂಬ್ರಿಯನ್‌ನ ಹಸಿರು ಅಪಾಯದ ಜೋಡಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಹನ್ನೆರಡಕ್ಕೆ ಒಬ್ಬರಿಗೆ ಈ ತೊಂದರೆ ಇರುತ್ತದೆ. ಕ್ಯೂಜಿಐಎಸ್‌ನ 'ವ್ಯೂ' ಮೆನುವಿನಲ್ಲಿ 'ಪ್ರಿವ್ಯೂ ಮೋಡ್' ಅಂತಿದೆ, ಅಂಥ ಕಣ್ಣಿಗೆ ನಕ್ಷೆ ಹೇಗೆ ಕಾಣುತ್ತದೆ ಅಂತ ಅಲ್ಲೇ ತೋರಿಸುತ್ತದೆ. ಬಣ್ಣವನ್ನು ಒಪ್ಪುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ನಿಮ್ಮ ನಕ್ಷೆಯಲ್ಲಿ ಆ ಎರಡು ಘಟಕಗಳು ಅಕ್ಕಪಕ್ಕ ಬಂದರೆ ಒಂದರ ಮೇಲೆ ಗೆರೆ ಅಥವಾ ಚುಕ್ಕಿ ವಿನ್ಯಾಸ ಹಾಕಿ. ಬಣ್ಣ ಮಾತ್ರ ಮುಟ್ಟಬೇಡಿ, ಮುಟ್ಟಿದರೆ ಪಕ್ಕದ ಹಾಳೆಯ ಜೊತೆ ಮತ್ತೆ ಜಗಳ. ಪ್ರತಿ ಪಾಲಿಗನ್ ಮೇಲೂ ಕೋಡ್ ಬರೆದಿರಲಿ. ಒಂದೇ ಕಾಲಮಾನದಲ್ಲಿ ಏಳು ಘಟಕಗಳಿದ್ದರೆ ಏಳು ನೀಲಿಗಳನ್ನು ಗುರುತಿಸುವ ಕಣ್ಣು ಯಾರಿಗೂ ಇಲ್ಲ, ನನಗಂತೂ ಇಲ್ಲ.

ಮತ್ತೊಂದು ಕಡೆ ಬಣ್ಣ ಸದ್ದಿಲ್ಲದೆ ಕೆಡುತ್ತದೆ: ಬೆಟ್ಟಗುಡ್ಡಗಳ ನೆರಳು ತೋರಿಸುವ ಹಿಲ್‌ಶೇಡ್. ಅದನ್ನು ಎರಡು ಲೇಯರ್‌ಗಳ ಬಣ್ಣವನ್ನು ಗುಣಿಸುವ 'ಮಲ್ಟಿಪ್ಲೈ'ನಲ್ಲಿ ಮೇಲೆ ಹಾಕಿದರೆ ನಕ್ಷೆ ಚಂದ ಕಾಣುತ್ತದೆ, ನಿಜ. ಆದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾನೆ ಅಂತ ಲೆಕ್ಕ ಹಾಕಿದಾಗ ಸಮತಟ್ಟು ನೆಲಕ್ಕೂ ಸಿಗುವ ಬೆಳಕು 255ಕ್ಕೆ ಸುಮಾರು 180 ಮಾತ್ರ. ಅಂದರೆ ಗುಡ್ಡವೇ ಇಲ್ಲದ ಕಡೆಯೂ ನಮ್ಮ ಜುರಾಸಿಕ್ 37, 126, 142ಕ್ಕೆ ಇಳಿದಿರುತ್ತದೆ. ಲೆಜೆಂಡ್‌ನ ಚೌಕ ಮಾತ್ರ ಮೂಲ ಬಣ್ಣದಲ್ಲೇ ಕೂತಿರುತ್ತದೆ. ಓದುವವರು ಹೋಲಿಸಿ ಹೋಲಿಸಿ ತಲೆ ಕೆರೆದುಕೊಳ್ಳುತ್ತಾರೆ. ಹಿಲ್‌ಶೇಡ್‌ನ ಗರಿಷ್ಠ ಮೌಲ್ಯವನ್ನು 180ರ ಹತ್ತಿರಕ್ಕೆ ಇಳಿಸಿ, ಆಗ ಸಮತಟ್ಟು ನೆಲ ಬಿಳಿಯಾಗಿ ಬಣ್ಣ ತನ್ನ ಜಾಗಕ್ಕೆ ಮರಳುತ್ತದೆ. ಬಿಸಿಲು ಬೀಳುವ ಇಳಿಜಾರಿನ ಹೊಳಪು ಹೋಗುತ್ತದೆ, ನೆರಳು ಉಳಿಯುತ್ತದೆ. ನನಗೆ ಅಷ್ಟು ಸಾಕು.

ಪ್ರಿಂಟರ್‌ನ ತಕರಾರು ಬೇರೆಯೇ. ಪರದೆಯ ಮೂರು ಬಣ್ಣ, ಕಾಗದದ ನಾಲ್ಕು ಶಾಯಿ, ಇವೆರಡೂ ಪೂರ್ತಿ ಹೊಂದುವುದಿಲ್ಲ. ಹೊಳೆಯುವ ನೀಲಿ-ಹಸಿರುಗಳು ಮೊದಲು ಮಂಕಾಗುತ್ತವೆ. ಅದಕ್ಕೇ ದೊಡ್ಡ ಹಾಳೆ ಕಳಿಸುವ ಮೊದಲು ಲೆಜೆಂಡ್ ಒಂದನ್ನೇ, ಅದೇ ಪ್ರಿಂಟರ್‌ನಲ್ಲಿ, ಅದೇ ಕಾಗದದ ತುಂಡಿನ ಮೇಲೆ ಹೊಡೆಸುತ್ತೇನೆ. ಆ ಹುಡುಗಿ ಈಗ ನಮ್ಮ ಟೇಬಲ್‌ನ ಉಸ್ತುವಾರಿ. ತುಂಡನ್ನು ಕಿಟಕಿ ಹತ್ತಿರ ಹಿಡಿದು ನೋಡಿ ಅವಳು ತಲೆಯಾಡಿಸಿದ ಮೇಲೆಯೇ ಪೂರ್ತಿ ಹಾಳೆ ಹೋಗುವುದು.