ಹನ್ನೊಂದು ಜನ, ಒಂದೇ ಪಟ್ಟು

ಪ್ರತಿ ವರ್ಷ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಮುಗಿದ ಮೇಲೆ ಎರಡು ಮಾತು ಕೇಳಿಬರುತ್ತವೆ. ಗೆದ್ದವರ ಕಡೆಯವರು "ಆ ಕೋಚ್‌ದು ಎಂಥಾ ತಲೆ!" ಅನ್ನುತ್ತಾರೆ. ಸೋತವರ ಕಡೆಯವರು ಅದೃಷ್ಟ ಕೈಕೊಟ್ಟಿತು ಅನ್ನುತ್ತಾರೆ. ತಂಡ ಗೆಲ್ಲುತ್ತಿರುವಷ್ಟು ದಿನ ಜೆರ್ಸಿ ಒಗೆಯದೆ ಹಾಕಿಕೊಳ್ಳುವ ಅಭಿಮಾನಿಗಳೂ ಇದ್ದಾರೆ. ಇದನ್ನೆಲ್ಲ ಕೇಳಿದಾಗ ನನಗೆ ಬೇಸರವಾಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಒಂದು ಗುಣಾಕಾರದ ಲೆಕ್ಕವಿದೆ. ಹೈಸ್ಕೂಲ್ ಮಕ್ಕಳೂ ಮಾಡಬಹುದಾದ ಲೆಕ್ಕ. ಅದರ ಬಗ್ಗೆ ಮಾತಾಡುವವರೇ ಕಡಿಮೆ.

ಮೈದಾನದಲ್ಲಿ ಒಂದು ಕಡೆಗೆ ಹನ್ನೊಂದು ಜನ. ಚೆಂಡು ಕದಲಿದ ಮೇಲೆ ನಾಲ್ಕೈದು ಸೆಕೆಂಡಿನೊಳಗೆ ಅಷ್ಟೂ ಜನ ತಮ್ಮ ತಮ್ಮ ಕೆಲಸ ಮುಗಿಸಬೇಕು. ಮೊದಲೇ ಗೊತ್ತು ಮಾಡಿಕೊಂಡ ಇಂಥ ಒಂದೊಂದು ನಡೆಗೂ ಅಲ್ಲಿ ಪ್ಲೇ ಎನ್ನುತ್ತಾರೆ. ನಮ್ಮ ಗರಡಿಯ ಪಟ್ಟು ಇದ್ದ ಹಾಗೆ. ಈಗ ಒಬ್ಬೊಬ್ಬ ಆಟಗಾರನೂ 100ರಲ್ಲಿ 95 ಸಲ ತನ್ನ ಕೆಲಸ ಸರಿಯಾಗಿ ಮಾಡುತ್ತಾನೆ ಅಂದುಕೊಳ್ಳಿ. ಒಳ್ಳೇ ಮಾರ್ಕ್ಸೇ, ಅಲ್ವಾ? ಆದರೆ ಹನ್ನೊಂದೂ ಜನ ಒಟ್ಟಿಗೆ ಸರಿ ಮಾಡುವುದು ಎಷ್ಟು ಸಲ? ಒಬ್ಬನ ತಪ್ಪಿಗೂ ಇನ್ನೊಬ್ಬನ ತಪ್ಪಿಗೂ ಸಂಬಂಧವಿಲ್ಲ ಎಂದಿಟ್ಟುಕೊಂಡು, ಹನ್ನೊಂದು 0.95ಗಳನ್ನು ಒಂದಕ್ಕೊಂದು ಗುಣಿಸಿ. 0.57 ಬರುತ್ತದೆ. ಅಂದರೆ 100ರಲ್ಲಿ 57 ಸಲ ಮಾತ್ರ. ಉಳಿದ 43 ಸಲ ಯಾರೋ ಒಬ್ಬರಾದರೂ ಎಡವಿರುತ್ತಾರೆ.

ಬಾವಿಯಿಂದ ಮನೆಯವರೆಗೆ ಹನ್ನೊಂದು ಜನ ಸಾಲಾಗಿ ನಿಂತು ಒಂದು ಬಿಂದಿಗೆ ನೀರನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ ಅನ್ನಿ. ಒಬ್ಬೊಬ್ಬರ ಕೈಯಲ್ಲೂ ಇದ್ದ ನೀರಿನ ಇಪ್ಪತ್ತನೇ ಒಂದು ಪಾಲು ಚೆಲ್ಲುತ್ತದೆ. ಅಷ್ಟಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಆದರೂ ಮನೆ ಬಾಗಿಲಿಗೆ ಬಂದಾಗ ಬಿಂದಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಲೆಕ್ಕ ಅದೇ, ಉತ್ತರವೂ ಅದೇ 57. ಗಣೇಶನ ಪೆಂಡಾಲಿನ ಹಳೇ ಸೀರಿಯಲ್ ಸೆಟ್ ನೆನಪಿದೆಯಾ? ಒಂದು ಬಲ್ಬ್ ಹೋದರೆ ಇಡೀ ಸಾಲೇ ಕತ್ತಲೆ. ಕೋಲಾಟದಲ್ಲೂ ಹಾಗೇ. ಒಬ್ಬಳು ಅರ್ಧ ತಾಳ ತಡಮಾಡಿದರೆ ಪಕ್ಕದವಳ ಕೋಲು ಗಾಳಿಗೆ ಹೊಡೆಯುತ್ತದೆ, ಅವಳ ಪಕ್ಕದವಳು ತಿರುಗಬೇಕಾದ ಕಡೆ ತಿರುಗುವುದಿಲ್ಲ.

ಈಗ ಆ 95ನ್ನು 99 ಮಾಡಿ. ಉತ್ತರ ಸುಮಾರು 90ಕ್ಕೆ ನೆಗೆಯುತ್ತದೆ. 95ನ್ನು 90ಕ್ಕೆ ಇಳಿಸಿ. 31ಕ್ಕೆ ಕುಸಿಯುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ನಂಬಿಕೆ ಬಾರದೆ ಮತ್ತೆ ಮತ್ತೆ ಕ್ಯಾಲ್ಕುಲೇಟರ್ ಒತ್ತಿದ್ದೆ. ಕೋಚ್ ಒಬ್ಬ ರಾತ್ರಿಯೆಲ್ಲ ಕೂತು ಅದ್ಭುತವಾದ ಹೊಸ ಪಟ್ಟು ಕಟ್ಟುತ್ತಾನೆ. ಆಟಗಾರರಿಗೆ ಅದು ಹೊಸದು, ಹಾಗಾಗಿ 99 ಇದ್ದವರು 90ಕ್ಕೆ ಇಳಿಯುತ್ತಾರೆ. ಇಷ್ಟಾದರೆ ಸಾಕು, ಆ ಅದ್ಭುತ ಮೂರರಲ್ಲಿ ಎರಡು ಸಲ ಕಾಗದದ ಮೇಲೇ ಉಳಿಯುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದವನು ವಿನ್ಸ್ ಲೊಂಬಾರ್ಡಿ. ಅವನು ಮೊದಲು ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಲ್ಯಾಟಿನ್ ಪಾಠ ಮಾಡುವ ಮೇಷ್ಟ್ರಾಗಿದ್ದ. ನನಗೆ ತುಂಬಾ ಇಷ್ಟವಾದ ಸಂಗತಿ ಇದು. 1958ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ 12 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. 1959ರಲ್ಲಿ ಲೊಂಬಾರ್ಡಿ ಕೋಚ್ ಆಗಿ ಬಂದ. ಮುಂದಿನ 9 ವರ್ಷಗಳಲ್ಲಿ ಅದೇ ತಂಡ 5 ಸಲ ಚಾಂಪಿಯನ್ ಆಯಿತು. ಅವರ ಮುಖ್ಯ ಪಟ್ಟು ಸ್ವೀಪ್. ಚೆಂಡು ಹಿಡಿದವನು ಸಾಲಿನ ತುದಿಯ ಕಡೆಗೆ ಸುತ್ತಿ ಓಡುವುದು, ಮುಂದೆ ಓಡುವ ಜೊತೆಗಾರರು ದಾರಿ ಮಾಡುವುದು. ಜಾನ್ ಮ್ಯಾಡೆನ್ ಎಂಬ ಎಳೆಯ ಕೋಚ್ ಒಮ್ಮೆ ಲೊಂಬಾರ್ಡಿಯ ಪಾಠಕ್ಕೆ ಹೋಗಿ ಕೂತಿದ್ದ. ಫುಟ್‌ಬಾಲ್ ಬಗ್ಗೆ ತನಗೆ ಎಲ್ಲ ಗೊತ್ತು ಅಂದುಕೊಂಡಿದ್ದ. ಲೊಂಬಾರ್ಡಿ ಈ ಒಂದೇ ಒಂದು ಪಟ್ಟಿನ ಬಗ್ಗೆ ಎಂಟು ಗಂಟೆ ಮಾತಾಡಿದ. ತನಗೆ ಏನೂ ಗೊತ್ತಿಲ್ಲ ಎಂದು ಅವತ್ತು ತಿಳಿಯಿತು ಎಂದು ಮ್ಯಾಡೆನ್ ಮುಂದೆ ತಾನೇ ಹೇಳಿಕೊಂಡ.

ಒಂದು ಪಟ್ಟಿನಲ್ಲಿ ಎಂಟು ಗಂಟೆ ಹೇಳುವಂಥದ್ದು ಏನಿರುತ್ತದೆ? ಸ್ವಲ್ಪ ಹತ್ತಿರ ಹೋಗಿ ನೋಡೋಣ. ಮುಂದಿನ ಸಾಲಿನಲ್ಲಿ ಜೆರ್ರಿ ಕ್ರೇಮರ್, ಫಝಿ ಥರ್ಸ್ಟನ್ ಎಂಬ ಇಬ್ಬರು ಗಾರ್ಡ್‌ಗಳು. ಬೇರೆ ಪಟ್ಟುಗಳಲ್ಲಿ ಎದುರಿನವನನ್ನು ತಳ್ಳುವವರು ಇವರು. ಸ್ವೀಪ್‌ನಲ್ಲಿ ಇಬ್ಬರೂ ಸಾಲು ಬಿಟ್ಟು ಬಲಕ್ಕೆ ಓಡುತ್ತಾರೆ. ಮೊದಲ ಹೆಜ್ಜೆ ನೇರ ಪಕ್ಕಕ್ಕೆ ಇಟ್ಟರೆ ಪಕ್ಕದವನ ಕಾಲಿಗೆ ತೊಡರುತ್ತದೆ. ಅದಕ್ಕೆ ಅದನ್ನು ತುಸು ಹಿಂದಕ್ಕೆ ಇಡಬೇಕು. ಕ್ರೇಮರ್ ಹೊರಗಡೆಯಿಂದ ನುಗ್ಗುವವನನ್ನು ತಡೆಯಬೇಕು, ಥರ್ಸ್ಟನ್ ಒಳಗಡೆಯಿಂದ ಬರುವವನನ್ನು. ಇಬ್ಬರ ನಡುವೆ ಒಂದು ಓಣಿ ತೆರೆಯುತ್ತದೆ. ಚೆಂಡು ಹಿಡಿದ ಪಾಲ್ ಹಾರ್ನಂಗ್ ಆ ಓಣಿಗೆ ನುಗ್ಗಬೇಕು. ಅವನು ಜಾಸ್ತಿ ವೇಗವಾಗಿ ಓಡುವ ಹಾಗೂ ಇಲ್ಲ. ಗಾರ್ಡ್‌ಗಳನ್ನು ದಾಟಿ ಮುಂದೆ ಹೋದರೆ ಓಣಿ ಮಾಡುವವರೇ ಹಿಂದೆ ಉಳಿಯುತ್ತಾರೆ.

ಎಲ್ಲರಿಗೂ ಗೊತ್ತಿರುವ ಪಟ್ಟನ್ನು ಎದುರಾಳಿ ಸುಲಭವಾಗಿ ತಡೆಯುವುದಿಲ್ಲವೇ ಅಂತ ನೀವು ಕೇಳಬಹುದು. ಇದರ ಗುಟ್ಟು ಬಲತುದಿಯಲ್ಲಿ ನಿಂತ ಟೈಟ್ ಎಂಡ್ ಬಳಿ ಇದೆ. ತನ್ನ ಎದುರು ದಾರಿ ತಡೆಯಲು ನಿಂತ ಲೈನ್‌ಬ್ಯಾಕರನ್ನು ಇಂಥ ಕಡೆಗೇ ತಳ್ಳಬೇಕು ಎಂಬ ಕಟ್ಟಳೆ ಅವನಿಗಿಲ್ಲ. ಆ ಲೈನ್‌ಬ್ಯಾಕರ್ ಯಾವ ಕಡೆ ಹೋಗಲು ನೋಡುತ್ತಾನೋ ಅದೇ ಕಡೆಗೆ ಇನ್ನಷ್ಟು ತಳ್ಳಿದರಾಯಿತು. ಲೈನ್‌ಬ್ಯಾಕರ್ ಒಳಕ್ಕೆ ಬಂದರೆ ಹಾರ್ನಂಗ್ ಹೊರಗಿನಿಂದ ಓಡುತ್ತಾನೆ, ಹೊರಕ್ಕೆ ಹೋದರೆ ಒಳಗಿನಿಂದ. ಅಂದರೆ ಹಾರ್ನಂಗ್ ಮುಂದಿರುವುದು ಒಂದೇ ಪ್ರಶ್ನೆ: ಒಳಗೋ, ಹೊರಗೋ?

ಪ್ರಶ್ನೆ ಒಂದೇ ಆಗಿರುವುದರಿಂದ ಏನು ಲಾಭ? ಡಚ್ ವಿಜ್ಞಾನಿ ಡಾಂಡರ್ಸ್ 1868ರಲ್ಲೇ ಇಂಥದ್ದನ್ನು ಅಳೆದಿದ್ದ. ಕಾಲಿಗೆ ಸಣ್ಣ ವಿದ್ಯುತ್ ಶಾಕ್ ಕೊಡುವುದು, ತಗುಲಿದ ಕಡೆಯ ಕೈ ಆಡಿಸಬೇಕು. ಯಾವ ಕಾಲಿಗೆ ಎಂದು ಮೊದಲೇ ಗೊತ್ತಿದ್ದರೆ ಬೇಗ. ಗೊತ್ತಿಲ್ಲದೆ ಎರಡರಲ್ಲಿ ಒಂದು ಆರಿಸಬೇಕಾದರೆ ಸೆಕೆಂಡಿನ ಹದಿನೈದನೇ ಒಂದು ಭಾಗ ಜಾಸ್ತಿ ಬೇಕು. 1952ರಲ್ಲಿ ಬ್ರಿಟನ್ನಿನ ಹಿಕ್ ಇನ್ನೂ ಮುಂದೆ ಹೋದ. ಆಯ್ಕೆಗಳು ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾದ ಹಾಗೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯ ಸಮಯ ಕೂಡುತ್ತಾ ಹೋಗುತ್ತದೆ ಎಂದು ತೋರಿಸಿದ. ಅಭ್ಯಾಸವಿಲ್ಲದವರಲ್ಲಿ ಅದು ಸುಮಾರು 0.15 ಸೆಕೆಂಡ್. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆದರೆ ಸೆಕೆಂಡಿಗೆ 7 ಮೀಟರ್ ಓಡುವವನು ಅಷ್ಟರಲ್ಲಿ ಒಂದು ಮೀಟರ್ ದಾಟಿರುತ್ತಾನೆ. ಓಣಿ ಮುಚ್ಚಲು ಅಷ್ಟು ಸಾಕು.

ಲೊಂಬಾರ್ಡಿ ಗ್ರೀನ್ ಬೇಗೆ ಬಂದ ಅದೇ 1959ರಲ್ಲಿ ಇನ್ನೊಂದು ಪ್ರಯೋಗದ ವರದಿ ಬಂತು. ಒಬ್ಬ ವ್ಯಕ್ತಿಗೆ ಸಾವಿರಾರು ಸಲ ಅಭ್ಯಾಸ ಮಾಡಿಸಿದ ಮೇಲೆ, ಎರಡು ಆಯ್ಕೆ ಇದ್ದರೂ ನಾಲ್ಕು ಇದ್ದರೂ ತಗಲುವ ಸಮಯ ಒಂದೇ ಆಯಿತು. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಅದೇ. ಇದನ್ನು ಮಸಲ್ ಮೆಮೊರಿ ಎಂದು ಕರೆದು, ನೆನಪು ಮಾಂಸಖಂಡದಲ್ಲೇ ಕೂತಿದೆ ಎಂದು ತುಂಬಾ ಜನ ನಂಬಿಬಿಟ್ಟಿದ್ದಾರೆ. ಇದು ತಪ್ಪು. ಹೆಜ್ಜೆಯ ನೆನಪು ಮಾಂಸಖಂಡದಲ್ಲಿ ಉಳಿಯುವುದಿಲ್ಲ. ಬದಲಾಗುವುದು ಮಿದುಳು. ಅದರಲ್ಲೂ ಒಳಗೆ ಹುದುಗಿರುವ ಬೇಸಲ್ ಗ್ಯಾಂಗ್ಲಿಯಾ, ಹಿಂಭಾಗದ ಕಿರುಮಿದುಳು. ಆದರೆ ಈ ಅಭ್ಯಾಸಕ್ಕೆ ಸಿಗುವ ಹೊತ್ತು ವಾರಕ್ಕೆ ಇಷ್ಟೇ ಗಂಟೆ. ಅದನ್ನು ಇನ್ನೂರು ಪಟ್ಟುಗಳಿಗೆ ಹಂಚಿದರೆ ಒಂದೊಂದಕ್ಕೆ ಎಷ್ಟು ಬಂತು?

ಒಂದೇ ಪಟ್ಟನ್ನು ಚೆನ್ನಾಗಿ ಕಲಿತರೆ ಸಾಕು ಎಂಬುದಕ್ಕೆ ಇವತ್ತಿಗೂ ಸಾಕ್ಷಿ ಇದೆ. ಫಿಲಡೆಲ್ಫಿಯಾ ಈಗಲ್ಸ್ ದಾಟಬೇಕಾದ ಗೆರೆಯ ಹತ್ತಿರ ಬಂದಾಗ, ಸಾಮಾನ್ಯವಾಗಿ ಮೊದಲು ಚೆಂಡು ಪಡೆಯುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಚೆಂಡು ಹಿಡಿದು ನೇರ ಮುಂದಕ್ಕೆ ನುಗ್ಗುತ್ತಾನೆ, ಹಿಂದಿನಿಂದ ಜೊತೆಗಾರರು ಅವನನ್ನು ತಳ್ಳುತ್ತಾರೆ. ಕ್ರೀಡಾಂಗಣದಲ್ಲಿ ಕೂತ ಮಕ್ಕಳಿಗೂ ಅದು ಬರುತ್ತಿದೆ ಎಂದು ಗೊತ್ತು. ಆದರೂ ತಡೆಯುವುದು ಎಷ್ಟು ಕಷ್ಟವಾಯಿತೆಂದರೆ, 2025ರಲ್ಲಿ ಅದನ್ನೇ ನಿಷೇಧಿಸಬೇಕೆಂಬ ಪ್ರಸ್ತಾಪ ಬಂತು. 32 ತಂಡಗಳಲ್ಲಿ 24 ಒಪ್ಪಬೇಕಿತ್ತು, 22 ಒಪ್ಪಿದವು.

ಇದಕ್ಕಿಂತ ಬಹಳ ಹಿಂದೆ, 1967ರ ಡಿಸೆಂಬರ್ 31ರಂದು, ಗ್ರೀನ್ ಬೇಯಲ್ಲಿ ಮೈನಸ್ 25 ಡಿಗ್ರಿ ಚಳಿ. ಮೈದಾನದ ಅಡಿಯಲ್ಲಿ ಹಾಕಿಸಿದ್ದ ವಿದ್ಯುತ್ ಹೀಟರ್ ಕೈಕೊಟ್ಟಿತ್ತು, ನೆಲ ಗಾಜಿನ ಹಾಗೆ ಗಟ್ಟಿ. ಅಂಪೈರ್‌ಗಳ ಸೀಟಿ ತುಟಿಗೆ ಅಂಟಿಕೊಳ್ಳುತ್ತಿತ್ತು, ಬಾಯಲ್ಲೇ ಕೂಗಿ ಆಟ ನಡೆಸಿದರು. ಎದುರಾಳಿ ಡಲ್ಲಾಸ್ ತಂಡ 17, ಪ್ಯಾಕರ್ಸ್ 14. ಉಳಿದದ್ದು 16 ಸೆಕೆಂಡ್. ದಾಟಿದರೆ ಅಂಕ ಸಿಗುವ ಗೆರೆಗೆ ಎರಡೇ ಅಡಿ. ಹಿಂದಿನ ಎರಡು ಸಲವೂ ಚೆಂಡು ಹಿಡಿದವನ ಕಾಲಿಗೆ ಹಿಡಿತ ಸಿಕ್ಕಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಲೊಂಬಾರ್ಡಿಯ ಬಳಿ ಹೋಗಿ, ಚೆಂಡು ಯಾರಿಗೂ ಕೊಡದೆ ನಾನೇ ನುಗ್ಗುತ್ತೇನೆ ಅಂದ. ಬಂದು ಜೊತೆಗಾರರಿಗೆ ಹೇಳಿದ್ದು ಮಾತ್ರ ಹಳೇ ಪಟ್ಟಿನ ಹೆಸರು. ಫುಲ್‌ಬ್ಯಾಕ್ ಚಕ್ ಮರ್ಸೀನ್ ಕೈಗೆ ಚೆಂಡು ಹೋಗುವ ಪಟ್ಟು ಅದು. ಹಾಗಾಗಿ ಯಾರ ಕೆಲಸವೂ ಬದಲಾಗಲಿಲ್ಲ. ಆ ಮಂಜಿನ ಮೇಲೆ ಚೆಂಡು ಕೈ ಬದಲಾಯಿಸುವ ಒಂದು ಕೊಂಡಿಯನ್ನು ಸ್ಟಾರ್ ಲೆಕ್ಕದಿಂದಲೇ ತೆಗೆದುಹಾಕಿದ.

ಕ್ರೇಮರ್ ಮತ್ತು ಪಕ್ಕದ ಕೆನ್ ಬೋಮನ್ ಸೇರಿ ಎದುರಿನ ಜೆಥ್ರೋ ಪ್ಯೂನನ್ನು ಹಿಂದಕ್ಕೆ ತಳ್ಳಿದರು. ಸ್ಟಾರ್ ಆ ಸಂದಿಯಲ್ಲಿ ಗೆರೆಯಾಚೆ ಬಿದ್ದ. 21-17. ಆ ಕ್ಷಣದ ಫೋಟೋದಲ್ಲಿ ಸ್ಟಾರ್ ಹಿಂದೆ ಮರ್ಸೀನ್ ಎರಡೂ ಕೈ ಮೇಲೆತ್ತಿದ್ದಾನೆ. ಗೆದ್ದ ಖುಷಿಗೆ ಎತ್ತಿದ್ದಾನೆ ಎಂದೇ ನೋಡಿದವರು ಅಂದುಕೊಳ್ಳುತ್ತಾರೆ. ಚೆಂಡು ತನಗೇ ಬರುತ್ತದೆ ಎಂದು ಓಡಿ ಬಂದಿದ್ದ ಅವನು. ಆಗ ಹಿಂದಿನಿಂದ ತಳ್ಳುವುದು ನಿಯಮಕ್ಕೆ ವಿರುದ್ಧ. ಅದಕ್ಕೆ ಅವಕಾಶ ಸಿಕ್ಕಿದ್ದು 2005ರಲ್ಲಿ. ನಾನು ಸ್ಟಾರ್‌ನನ್ನು ಮುಟ್ಟಿಲ್ಲ, ನೋಡಿ ಎಂದು ಅಂಪೈರ್‌ಗೆ ತೋರಿಸಲು ಅವನು ಕೈ ಎತ್ತಿದ್ದ.